‘ಒರಿಜಿನಲ್’ ಜೀಪು ಅಂದ್ರೆ ಯಾವುದು?

ಬೆಂಗಳೂರಿನಲ್ಲಿ ಹಳೇ ಜೀಪಿಗೆ ಒಳ್ಳೇ ಕಾಲ ಬಂದಿದೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲೋ, ಮೈಸೂರು ರಸ್ತೆಯ ತಿಂಡಿ ಹೋಟೆಲುಗಳ ಮುಂದೋ ಸಾಲಾಗಿ ನಿಂತಿರೋದನ್ನ ನೀವೂ ನೋಡಿರ್ತೀರಿ. ಮಿಲಿಟರಿ ಹಸಿರು ಬಣ್ಣ, ಬಾನೆಟ್ ಮೇಲೆ ದೊಡ್ಡ ಬಿಳಿ ನಕ್ಷತ್ರ, ಹಿಂದೆ ಜೆರ್ರಿಕ್ಯಾನು, ಪಕ್ಕದಲ್ಲಿ ಬೆಲ್ಟ್ ಬಿಗಿದ ಒಂದು ಸಲಿಕೆ. ಸಲಿಕೆಗೆ ಒಂದು ಚೂರೂ ಮಣ್ಣು ತಾಗಿರಲ್ಲ. ಕೇಳಿದರೆ ‘ಫುಲ್ ಒರಿಜಿನಲ್ ರಿಸ್ಟೊರೇಶನ್’ ಅಂತಾರೆ.

ನನ್ನ ತಕರಾರಿರೋದು ಆ ‘ಒರಿಜಿನಲ್’ ಅನ್ನೋ ಪದದ ಮೇಲೆ. ಆ ಬಿಳಿ ನಕ್ಷತ್ರ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ಗಾಡಿಗಳ ಮೇಲೆ ಬಳಿದುಕೊಂಡ ಗುರುತು. 1980ರ ದಶಕದಲ್ಲಿ ಮಹೀಂದ್ರಾ ಕಾರ್ಖಾನೆಯಿಂದ ಹೊರಬಂದು, ಚಾಮರಾಜನಗರದ ಸಂತೆಗೆ ಅರಿಶಿನ ಹೊತ್ತ ಗಾಡಿಗೂ ಅದಕ್ಕೂ ಏನು ಸಂಬಂಧ? ಆ ಗಾಡಿ ತಾನು ಕಂಡ ಕೆಲಸವನ್ನೆಲ್ಲ ಅಳಿಸಿಕೊಂಡು, ತಾನು ಕಾಣದ ಯುದ್ಧವೊಂದನ್ನು ಮೈಮೇಲೆ ಬರೆಸಿಕೊಂಡಿದೆ. ಇದನ್ನ ಒರಿಜಿನಲ್ ಅಂತ ಹೇಗೆ ಕರೆಯೋದು?

ನಾನು ಎಲ್ಲಿ ನಿಂತು ಮಾತಾಡ್ತಿದೀನಿ ಅಂತ ಮೊದಲೇ ಹೇಳಿಬಿಡ್ತೀನಿ. ಗುಂಡ್ಲುಪೇಟೆ ಹತ್ತಿರದ ನಮ್ಮೂರಿನ ಮನೆಯಲ್ಲಿ ಪೂಜೋ ಡೀಸೆಲ್ ಎಂಜಿನ್ನಿನ ಒಂದು ಎಂಎಂ 540 ಇದೆ. ಓಡಿಸೋದು ಹೆಚ್ಚಾಗಿ ಅಪ್ಪ. ಬಿಲ್ಲು ಕಟ್ಟೋದು, ಸ್ಪೇರ್ ಹುಡುಕೋದು, ಊರಿಗೆ ಹೋದಾಗ ಅಡಿಗೆ ಮಲಗಿ ಗ್ರೀಸ್ ಹೊಡೆಯೋದು ನಾನು. ವಾರವಿಡೀ ಕೋಡ್ ಬರೆಯುವವನಿಗೆ ಕೈ ಕಪ್ಪಾಗುವ ಕೆಲಸ ಒಂದಾದರೂ ಇರಲಿ ಅಂತ ಇಟ್ಟುಕೊಂಡದ್ದಲ್ಲ. ಹೊಲಕ್ಕೆ ಅದು ಬೇಕು, ಅದಕ್ಕೇ ಇದೆ.

ಈಗ ಒರಿಜಿನಲ್ ವಿಷಯಕ್ಕೆ ಬರೋಣ. ಜೀಪು ಹುಟ್ಟಿದ್ದೇ ಒಂದು ವಿಚಿತ್ರ ಷರತ್ತಿನ ಮೇಲೆ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಸಣ್ಣ, ಹಗುರ, ನಾಲ್ಕೂ ಚಕ್ರ ತಿರುಗುವ ಗಾಡಿ ಕೇಳಿದಾಗ ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ. ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್‌ಗೆ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಗಾಡಿ ಮಾಡಿದ್ದರು. ಸೈನ್ಯದ ಷರತ್ತು ಏನಂದ್ರೆ, ವಿಲ್ಲಿಸ್ ಗಾಡಿಯ ಸಾಮಾನು ಫೋರ್ಡ್ ಗಾಡಿಗೆ ಕೂರಬೇಕು, ಫೋರ್ಡಿನದು ವಿಲ್ಲಿಸ್‌ಗೆ ಕೂರಬೇಕು. ಕೆಟ್ಟು ನಿಂತ ಎರಡು ಗಾಡಿಯಿಂದ ಓಡುವ ಒಂದು ಗಾಡಿ ಮಾಡಿಕೊಳ್ಳೋದು ಯುದ್ಧಭೂಮಿಯಲ್ಲಿ ಸಾಧ್ಯವಾಗಬೇಕಿತ್ತು. ಆ ಮೊದಲ ಜೀಪುಗಳಲ್ಲಿ ಒಂದು ನಟ್ಟು ಸಡಿಲಿಸಿ ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಅದರ ಬೆಳಕು ನೇರ ಎಂಜಿನ್ ಮೇಲೆ ಬೀಳುತ್ತಿತ್ತು. ಕತ್ತಲಲ್ಲಿ ಕೆಟ್ಟರೆ ರಿಪೇರಿ ಮಾಡಿಕೊಳ್ಳಲಿ ಅಂತ. ಇದು ಕೆಟ್ಟೇ ಕೆಡುತ್ತೆ, ಕೆಟ್ಟಾಗ ಅಲ್ಲಿರುವವನೇ ಸರಿ ಮಾಡಬೇಕು ಅಂತ ಒಪ್ಪಿಕೊಂಡೇ ಮಾಡಿದ ವಿನ್ಯಾಸ.

ಫೋರ್ಡ್ ಕಂಪನಿ ತಾನು ಮಾಡಿದ ಬೋಲ್ಟುಗಳ ತಲೆ ಮೇಲೂ ‘ಎಫ್’ ಅಂತ ಅಚ್ಚು ಒತ್ತಿತ್ತು. ಇವತ್ತು ಜಗತ್ತಿನಾದ್ಯಂತ ಸಂಗ್ರಹಕಾರರು ಆ ಎಫ್ ಬೋಲ್ಟುಗಳನ್ನು ಹುಡುಕಿ, ದುಡ್ಡು ಕೊಟ್ಟು ಕೊಳ್ಳುತ್ತಾರೆ. ಯಾರ ಬೋಲ್ಟಾದರೂ ನಡೆಯಲಿ ಅಂತ ಮಾಡಿದ ಗಾಡಿಗೆ ಇಂಥದ್ದೇ ಬೋಲ್ಟು ಬೇಕು ಅನ್ನೋದು ಭಕ್ತಿ ಇರಬಹುದು. ಆ ವಿನ್ಯಾಸ ಅರ್ಥವಾಗಿರುವ ಲಕ್ಷಣವಂತೂ ಅಲ್ಲ.

ನಮ್ಮ ದೇಶಕ್ಕೆ ಈ ಗಾಡಿ ಬಂದದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಮಹೀಂದ್ರಾ ಮೊದಲು ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೋಡಿಸಿತು, ಆಮೇಲೆ ಇಲ್ಲೇ ತಯಾರಿಸಿತು. ನಮ್ಮಲ್ಲಿ ಹೆಚ್ಚು ಓಡಿದ್ದು ಸಿಜೆ 3ಬಿ, ಆ ಎತ್ತರದ ಬಾನೆಟ್ಟಿನದು. ಆ ಎತ್ತರ ಅಂದಕ್ಕೆ ಬಂದದ್ದಲ್ಲ. ಹೊಸ ಹರಿಕೇನ್ ಎಂಜಿನ್ನಿನ ಇನ್‌ಲೆಟ್ ವಾಲ್ವುಗಳು ಮೇಲಕ್ಕೆ ಬಂದವು, ಎಂಜಿನ್ ಉದ್ದವಾಯಿತು, ಹಳೇ ಬಾನೆಟ್ಟಿನಡಿ ಹಿಡಿಸಲಿಲ್ಲ, ಬಾನೆಟ್ ಏರಿಸಿದರು. ಅಷ್ಟೇ. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತಿತು, ಇಲ್ಲಿ ಅದರ ಸಂತತಿ ದಶಕಗಟ್ಟಲೆ ಮುಂದುವರೀತು. ಪಕ್ಕದ ಶೀಟುಗಳು ಚಪ್ಪಟೆ, ಆದ್ದರಿಂದ ಪ್ರೆಸ್ ಇಲ್ಲದ ಟಿಂಕರಿಂಗ್ ಶೆಡ್ಡಿನವರೂ ತಗಡು ಕತ್ತರಿಸಿ, ಸುತ್ತಿಗೆಯಲ್ಲಿ ಬಡಿದು ಹೊಸ ಮೈ ಮಾಡಿಕೊಡಬಹುದಿತ್ತು. ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ಜೀಪು ಬದುಕಿದ್ದು ಈ ಶೆಡ್ಡುಗಳಿಂದ, ಲೇತುಗಳಿಂದ.

ಹೇಗೆ ಬದುಕಿತು ಅಂತ ನಮ್ಮ ನೆಂಟರೊಬ್ಬರ ಗಾಡಿ ನೋಡಿದರೆ ಗೊತ್ತಾಗುತ್ತೆ. ತೆರಕಣಾಂಬಿ ಕಡೆಯವರು, ಜೀಪು 1960ರ ದಶಕದ್ದು. ಪೆಟ್ರೋಲು ದುಬಾರಿಯಾದಾಗ ಡೀಸೆಲ್ ಎಂಜಿನ್ ಕೂರಿಸಿದರು. ಹುಲ್ಲು, ಬಾಳೆಗೊನೆ ಹೇರೋಕೆ ಹಿಂದಿನ ಬಾಡಿ ಉದ್ದ ಮಾಡಿದರು. ನೆಲದ ತಗಡು ಮೂರು ಸಲ ಬದಲಾಗಿದೆ. ರಿಸ್ಟೊರೇಶನ್ ಮಾಡೋರು ನೋಡಿದರೆ ‘ಹಾಳು ಮಾಡಿದಾರೆ’ ಅಂತಾರೆ. ನನಗೆ ಹಾಗೆ ಕಾಣಲ್ಲ. ಗುಳ ಸವೆದು ಹೊಸದು ಹಾಕಿದರೆ ನೇಗಿಲು ಬೇರೆಯಾಯಿತು ಅಂತ ನಮ್ಮ ಕಡೆ ಯಾರೂ ಹೇಳಲ್ಲ. ಉಳುತ್ತಾ ಇರೋವರೆಗೂ ಅದು ಅದೇ ನೇಗಿಲು.

ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ನೆಂಟರ ಜೀಪು ಪ್ರೊಡಕ್ಷನ್‌ನಲ್ಲಿ ಓಡ್ತಿರೋ ಹಳೇ ಕೋಡು. ನೋಡೋಕೆ ಚೆನ್ನಾಗಿಲ್ಲ, ಎಲ್ಲೆಲ್ಲೂ ತೇಪೆ, ಆದರೆ ಪ್ರತಿ ತೇಪೆಗೂ ಒಂದು ಕಾರಣ ಇದೆ. ನಕ್ಷತ್ರದ ಜೀಪು ಡೆಮೊ. ಡೆಮೊ ಯಾವತ್ತೂ ಚೆಂದ.

ಇನ್ನು ಸಾಕೋ ಕಷ್ಟ. ಅದನ್ನೂ ರೊಮ್ಯಾಂಟಿಕ್ ಮಾಡೋದು ಬೇಡ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ, ಕಮಾನಿನ ಶ್ಯಾಕಲ್‌ಗಳಿಗೆ, ಸ್ಟೇರಿಂಗ್ ಜಾಯಿಂಟುಗಳಿಗೆ ನಿಯಮವಾಗಿ ಗ್ರೀಸ್ ಹೋಗಬೇಕು. ಹೊಲದ ಕೆಸರಿಗೆ ಇಳಿದಿದ್ದರೆ ಮರುದಿನವೇ ಹೋಗಬೇಕು. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲು ಸೋರುತ್ತೆ, ಮನೆ ಮುಂದಿನ ರಂಗೋಲಿ ಪಕ್ಕದಲ್ಲಿ ಅದರದ್ದೂ ಒಂದು ಚುಕ್ಕಿ. ವೀಲ್ ಸಿಲಿಂಡರ್ ಸೋರಿದರೆ ಬ್ರೇಕು ಒಂದು ಕಡೆಗೆ ಎಳೆಯುತ್ತೆ. ಸ್ವಲ್ಪ ವೇಗಕ್ಕೇ ಸ್ಟೇರಿಂಗ್ ನಡುಗಿದರೆ ಮೊದಲು ಕಿಂಗ್‌ಪಿನ್ ಬೇರಿಂಗು ನೋಡು, ಅದು ಸರಿ ಇದ್ದರೆ ಟೈ ರಾಡಿನ ತುದಿ ನೋಡು, ಅದೂ ಸರಿ ಇದ್ದರೆ ಚಕ್ರದ ಬ್ಯಾಲೆನ್ಸು ನೋಡು. ಡಿಬಗ್ಗಿಂಗೇ ಇದು, ಆದರೆ ಎಲ್ಲ ಕಣ್ಣಿಗೆ ಕಾಣುತ್ತೆ. ಲ್ಯಾಪ್‌ಟಾಪ್ ತಗುಲಿಸಿ ಎರರ್ ಕೋಡ್ ಓದಬೇಕಿಲ್ಲ.

ನಮ್ಮ ಗಾಡಿ ನೋಡಿಕೊಳ್ಳುವ ಮೇಸ್ತ್ರಿ ಇದನ್ನ ನನಗಿಂತ ಚೆನ್ನಾಗಿ ಹೇಳ್ತಾರೆ: “ಹೊಸ ಗಾಡಿ ಕೆಟ್ರ ಬಾಯಿ ಬುಡಲ್ಲ ಕೂಸು. ಇದು ಕೆಡಕ್ಕ ಮುಂಚ್ಲೇ ಕೂಗ್ತದ. ಕೇಳೋ ಕಿವಿ ಇರ್ಬೇಕು ಅಷ್ಟೆ.”

ಆ ಕಿವಿ ಇರುವವರು ಕಮ್ಮಿಯಾಗ್ತಿದಾರೆ ಅನ್ನೋದೇ ನಿಜವಾದ ತೊಂದರೆ. ಮೇಸ್ತ್ರಿ ಹತ್ತಿರ ಈಗ ಕಲಿಯೋ ಹುಡುಗರಿಲ್ಲ.

ಜೀಪಿನ ತಪ್ಪುಗಳನ್ನೂ ಹೇಳಲೇಬೇಕು. ಇದು ಸುರಕ್ಷಿತ ಗಾಡಿ ಅಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದೆ ಅಡ್ಡಡ್ಡ ಕೂತವರಿಗೆ ಹಿಡಿದುಕೊಳ್ಳೋಕೆ ಕಂಬಿ ಬಿಟ್ಟರೆ ಬೇರೇನಿಲ್ಲ. ಬ್ರೇಕು ಹಿಡಿಯೋಕೆ ದೂರ ಬೇಕು. ಹೈವೇಯಲ್ಲಿ ಇದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿಗೆ ಬರೋದು ಶೌರ್ಯ ಅಲ್ಲ, ಬೇಜವಾಬ್ದಾರಿ. ಹೊಗೆಯ ವಿಚಾರದಲ್ಲೂ ಇವತ್ತಿನ ಎಂಜಿನ್ ಮುಂದೆ ಇದು ನಿಲ್ಲಲ್ಲ. 2020ರ ಹೊಸ ಥಾರ್ ಸುರಕ್ಷತೆಯಲ್ಲಿ ಇದಕ್ಕಿಂತ ಎಷ್ಟೋ ಮುಂದೆ. ಹೆಂಡತಿ ಮಕ್ಕಳ ಜೊತೆ ಟೂರ್ ಹೋಗೋಕೆ ಅಂತ ನನ್ನನ್ನ ಕೇಳಿದರೆ ಥಾರ್ ತಗೊಳ್ಳಿ ಅಂತಲೇ ಹೇಳ್ತೀನಿ. ಹಳೇ ಜೀಪಿನ ದೊಡ್ಡತನ ಇರೋದು ಹೊಲದಿಂದ ಮನೆ, ಮನೆಯಿಂದ ಸಂತೆ, ಅಷ್ಟರೊಳಗೆ.

ಆದರೆ ಕಾನೂನು ಯೋಚಿಸೋದು ಸರಿ ಉಲ್ಟಾ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಛಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಮುಖ್ಯ ಷರತ್ತು ಮುಂದಿದೆ: ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸೋದು, ರಿಪೇರಿ ಇಂಥ ಕಾರಣಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆಗೆ, ಬಾಡಿಗೆಗೆ ಇಲ್ಲ. ಅಂದ್ರೆ ಒಂದು ಗಾಡಿ ಗೌರವಕ್ಕೆ ಪಾತ್ರವಾಗಬೇಕಾದರೆ ಮೊದಲು ಕೆಲಸ ಬಿಡಬೇಕು.

ನಮ್ಮ ನೆಂಟರ ಜೀಪಿಗೆ 50 ದಾಟಿದೆ. ಆದರೂ ಅದು ವಿಂಟೇಜ್ ಅಲ್ಲ, ಯಾಕಂದ್ರೆ ಎಂಜಿನ್ ಬೇರೆ, ಬಾಡಿ ಬೇರೆ, ಮೇಲಾಗಿ ದಿನಾ ಹೊಲಕ್ಕೆ ಹೋಗುತ್ತೆ. ಮಾಮೂಲಿ ಗಾಡಿಯಾಗಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಬ್ರೇಕ್ ಪರೀಕ್ಷೆ ಮಾಡಲಿ, ಹೊಗೆ ಅಳೆಯಲಿ, ಫೇಲಾದರೆ ನಿಲ್ಲಿಸಲಿ. ನನ್ನ ಪ್ರಶ್ನೆ ಬೇರೆ. ಕೂತಿರುವ ಗಾಡಿಗೆ ಪರಂಪರೆ ಅನ್ನೋ ಹೆಸರು, ದುಡಿಯುವ ಗಾಡಿಗೆ ಗುಜರಿ ಅನ್ನೋ ಹೆಸರು ಯಾಕೆ?

ಆಕಾರವನ್ನೇ ಆಸ್ತಿ ಅಂದುಕೊಳ್ಳೋದು ಸರ್ಕಾರದ ಒಬ್ಬರದ್ದೇ ರೋಗ ಅಲ್ಲ. ಮಹೀಂದ್ರಾ ಇದೇ ಹಳೇ ಜೀಪಿನ ಅಚ್ಚಿನಲ್ಲಿ ರಾಕ್ಸರ್ ಅನ್ನೋ ಗಾಡಿ ಮಾಡಿ 2018ರಲ್ಲಿ ಅಮೆರಿಕಕ್ಕೆ ಹೋಯಿತು. ಜೀಪ್ ಹೆಸರಿನ ಒಡೆತನ ಇದ್ದ ಫಿಯೆಟ್ ಕ್ರೈಸ್ಲರ್, ಇದು ನಮ್ಮ ಆಕಾರ ಅಂತ ದೂರು ಕೊಟ್ಟಿತು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಅದನ್ನು ಒಪ್ಪಿತು, ಮಹೀಂದ್ರಾ ಮುಖ ಬದಲಿಸಿಕೊಂಡಿತು. ಎರಡು ಕಂಪನಿ ಹಂಚಿಕೊಂಡು ಕಟ್ಟಿದ ಗಾಡಿಯ ಚೌಕಟ್ಟಿಗೆ ಕೊನೆಗೆ ಒಬ್ಬನೇ ಯಜಮಾನ.

ಹಾಗಾದರೆ ಆಫ್‌ರೋಡ್? ಬೆಂಗಳೂರಿನಿಂದ ಬೇಗೂರು ದಾಟಿ ಗುಂಡ್ಲುಪೇಟೆಗೆ ಬರುವ ಜೀಪುಗಳು ಇಲ್ಲಿ ಎಲ್ಲಿ ಇಳಿಯುತ್ತವೆ ಅಂತ ನೋಡಿ. ಬಂಡೀಪುರದ ಕಾಡಿಗೆ ಸ್ವಂತ ಗಾಡಿ ಇಳಿಸುವಂತಿಲ್ಲ, ಇಳಿಸಲೂಬಾರದು. ಹೆದ್ದಾರಿ ಕೂಡ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬುಡದಿಂದ ಕೆಎಸ್ಆರ್‌ಟಿಸಿ ಬಸ್ಸು. ಉಳಿದದ್ದು ಸೂರ್ಯಕಾಂತಿ, ಚೆಂಡು ಹೂವಿನ ಹೊಲದ ಬದು, ಅಲ್ಲಿ ಫೋಟೊ. ಫೋರ್‌ವೀಲ್ ಗೇರು ನಿಜಕ್ಕೂ ಬೀಳೋದು ಆ ಹೊಲದೊಳಗಿಂದ ಹೂವಿನ ಮೂಟೆ ಎಳೆಯುವ ರೈತನ ಗಾಡಿಗೆ. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಲೆಮಹದೇಶ್ವರ ಬೆಟ್ಟದ ಸುತ್ತ ಇಂಡಿಗನತ್ತ, ತುಳಸಿಕೆರೆಯಂಥ ಕಾಡೊಳಗಿನ ಊರುಗಳಿವೆ. ಅಲ್ಲಿನವರಿಗೆ ಆಫ್‌ರೋಡ್ ಅನ್ನೋದು ಹವ್ಯಾಸ ಅಲ್ಲ. ರೋಡು ಇಲ್ಲದ್ದಕ್ಕೆ ಆಫ್‌ರೋಡು.

ಕಾರ್ಖಾನೆಯಿಂದ ಬಂದಂತೆಯೇ ಉಳಿದ ಜೀಪುಗಳೂ ಇರಬೇಕು, ನಿಜ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರ ‘ಪಯಣ’ ಕಾರ್ ಮ್ಯೂಸಿಯಂ ಇದೆಯಲ್ಲ, ಅಂಥ ಕಡೆ ಹಳೇ ಗಾಡಿ ಇದ್ದಂತೆ ಇರಲಿ, ಮುಂದಿನವರು ನೋಡಲಿ. ಮ್ಯೂಸಿಯಂ ತಾನು ಮ್ಯೂಸಿಯಂ ಅಂತ ಒಪ್ಪಿಕೊಳ್ಳುತ್ತೆ. ನನಗೆ ಆಗದಿರೋದು, ಮ್ಯೂಸಿಯಮ್ಮಿನ ಅಳತೆಗೋಲು ತಂದು ನಮ್ಮ ಹಟ್ಟಿಯಲ್ಲಿ ನಿಂತ ಗಾಡಿಗೆ ಹಿಡಿಯೋದು.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀನಿ ಅಂದ್ರೆ, ಅಳತೆಗೋಲು ಬದಲಾದರೆ ಬೆಲೆ ಬದಲಾಗುತ್ತೆ, ಬೆಲೆ ಬದಲಾದರೆ ಊರಿಂದ ಗಾಡಿ ಹೋಗುತ್ತೆ. ಈಗ ದಲ್ಲಾಳಿಗಳು ಹಳ್ಳಿಗೇ ಬರ್ತಾರೆ. “ಯಜಮಾನ್ರೇ, ಓಡ್ದೇ ಇದ್ರೂ ಪರವಾಗಿಲ್ಲ, ಪೇಪರ್ ಇದ್ರೆ ಸಾಕು” ಅಂತ ಅಪ್ಪನಿಗೂ ಹೇಳಿ ಹೋಗಿದಾರೆ. ಓಡದಿದ್ದರೂ ಪರವಾಗಿಲ್ಲ! ನಲವತ್ತು ವರ್ಷ ಓಡಿಸಿ ಇಟ್ಟುಕೊಂಡವರಿಗೆ ಹೇಳೋ ಮಾತಾ ಇದು? ಒಂದೊಂದು ಜೀಪು ಹೋದಾಗಲೂ ಮೇಸ್ತ್ರಿಗೆ ಒಂದು ಕೆಲಸ ಕಮ್ಮಿ, ಲೇತಿಗೆ ಒಂದು ಕೆಲಸ ಕಮ್ಮಿ. ಆಮೇಲೆ ಉಳಿದ ಜೀಪುಗಳನ್ನು ರಿಪೇರಿ ಮಾಡೋರೇ ಇರಲ್ಲ. ಆಗ ಬೆಂಗಳೂರಿನ ನಕ್ಷತ್ರದ ಜೀಪಿನವರೂ ಕಷ್ಟಪಡಬೇಕಾಗುತ್ತೆ.

ನಮ್ಮದನ್ನ ಮಾರಲ್ಲ ಅಂತ ಅಪ್ಪ ಹೇಳಿದಾರೆ. ಈ ವರ್ಷ ಬ್ರೇಕು ಪೂರ್ತಿ ಹೊಸದು ಮಾಡಿಸ್ತಿದೀವಿ, ಬಣ್ಣಕ್ಕೆ ದುಡ್ಡು ಹಾಕ್ತಿಲ್ಲ. ನೀವೂ ಹಳೇ ಜೀಪು ಕೊಳ್ಳೋ ಯೋಚನೆಯಲ್ಲಿದ್ದರೆ, ನೋಡೋಕೆ ಹೋದಾಗ ‘ಒರಿಜಿನಲ್ಲಾ?’ ಅಂತ ಕೇಳೋ ಮುಂಚೆ ಎರಡು ಪ್ರಶ್ನೆ ಕೇಳಿ. ಇದು ಕೊನೇ ಸಲ ಏನು ಹೊತ್ತುಕೊಂಡು ಬಂತು? ಇದನ್ನ ಇಷ್ಟು ದಿನ ರಿಪೇರಿ ಮಾಡಿದ್ದು ಯಾರು? ಎರಡನೇ ಉತ್ತರದಲ್ಲಿ ಬರೋ ಮನುಷ್ಯನ ಫೋನ್ ನಂಬರು ಮರೀದೆ ಈಸ್ಕೊಳ್ಳಿ. ಆ ಗಾಡಿಯಲ್ಲಿ ಎಲ್ಲಕ್ಕಿಂತ ಸಿಗೋದು ಕಷ್ಟವಾದ ಸ್ಪೇರು ಅದೇ.