ಗಾರೆಯಡಿ ಮುಚ್ಚಿಹೋಗುವ ಏರುತಗ್ಗು

ಹಳೆಯ ಕಾಂಕ್ರೀಟ್ ನೆಲದ ಮೇಲೆ ಹೊಸ ಟೈಲ್ಸ್ ಕೂರಿಸುವಾಗ ನಮ್ಮ ಊರುಗಳಲ್ಲಿ ನಡೆದುಬಂದ ಕ್ರಮ ಇದು: ಮೇಸ್ತ್ರಿ ಲೆವೆಲ್ ಪೈಪಿಗೆ ನೀರು ತುಂಬಿ ಗೋಡೆಗಳಿಗೆ ಗುರುತು ಹಾಕುತ್ತಾರೆ, ದಾರ ಕಟ್ಟುತ್ತಾರೆ. ಕೆಳಗಿನ ನೆಲ ಎಷ್ಟೇ ಏರುಪೇರಾಗಿರಲಿ, ಗಾರೆ ಸುರಿದು ದಾರದ ಮಟ್ಟಕ್ಕೆ ತರುತ್ತಾರೆ. ನೀರಿನ ಪೈಪು ಹಿಡಿದು ಮಟ್ಟ ನೋಡುವ ಆ ಕೈಗೆ ನನ್ನ ಪೂರ್ಣ ಗೌರವವಿದೆ. ತಕರಾರು ಇರುವುದು ಗಾರೆಯ ದಪ್ಪದ ಬಗ್ಗೆ.

ಮಹಡಿ ಮನೆಯ ಲೆಕ್ಕ ನೋಡಿ. 50 ಮಿ.ಮೀ. ದಪ್ಪದ ಗಾರೆ ಚದರ ಮೀಟರಿಗೆ ಸುಮಾರು 100 ಕೆ.ಜಿ. ತೂಗುತ್ತದೆ. ವಾಸದ ಕೋಣೆಯಲ್ಲಿ ಜನ, ಸಾಮಾನುಗಳಿಗೆಂದು ಭಾರತೀಯ ಮಾನಕ ಐಎಸ್ 875 ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 200 ಕೆ.ಜಿ. ಅದರ ಅರ್ಧದಷ್ಟನ್ನು ಯಾರೂ ಕಾಲಿಡುವ ಮೊದಲೇ ನೆಲದ ಮೇಲೆ ಹೇರಿದಂತಾಯಿತು. ಸ್ಲ್ಯಾಬ್ ನಡುವೆ ಬಾಗಿರುವುದೇ ತಗ್ಗಿಗೆ ಕಾರಣವಾಗಿದ್ದರಂತೂ, ಅತಿ ದಪ್ಪನೆಯ ಗಾರೆ ಬೀಳುವುದು ಆ ಬಾಗಿದ ಜಾಗಕ್ಕೇ! ಅಲ್ಲಿ ಮೊದಲು ಇಂಜಿನಿಯರ್ ಬಂದು ನೋಡಬೇಕು, ಆಮೇಲೆ ಮೇಸ್ತ್ರಿ. ಬಾಗಿಲು ಕೊಯ್ಯಬೇಕಾಗುವುದು, ಮೆಟ್ಟಿಲಿನ ಎತ್ತರ ತಪ್ಪುವುದು ಇದರ ಜೊತೆಗೆ ಬರುವ ತಾಪತ್ರಯಗಳು.

ಎಷ್ಟೋ ಕೋಣೆಗಳಲ್ಲಿ ಇಷ್ಟು ಗಾರೆ ಬೇಕಾಗುವುದು ಒಂದೆರಡು ಉಬ್ಬುಗಳಿಂದ. ಉದ್ದನೆಯ ಮಟ್ಟಗೋಲನ್ನು ನೆಲದ ಮೇಲಿಟ್ಟು ತಿರುಗಿಸಿದರೆ ಅದು ಎಲ್ಲಿ ಎಡವಿ ತೂಗಾಡುತ್ತದೋ ಅಲ್ಲೇ ಉಬ್ಬು. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಗ್ರೈಂಡರಿನಲ್ಲಿ ಸವೆಸಿದರೆ ತುಂಬಬೇಕಾದ ತಗ್ಗು ಬಹಳ ಕಡಿಮೆಯಾಗುತ್ತದೆ. ದೊಡ್ಡ ಟೈಲ್ಸಿಗೆ 3 ಮೀಟರ್ ಉದ್ದದಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅದಕ್ಕೆ ಬೇಕಾದದ್ದು ಸಮತಟ್ಟು. ಇಡೀ ಕೋಣೆ ಬಾಗಿಲಿನತ್ತ ಒಂದಿಷ್ಟು ವಾಟವಾಗಿದ್ದರೆ ಟೈಲ್ಸಿಗೇನೂ ಆಗದು. ಬಚ್ಚಲಿನಲ್ಲಂತೂ ವಾಟ ಇರಲೇಬೇಕು.

ಉಳಿದ ತೆಳು ತಗ್ಗಿಗೆ ಸೆಲ್ಫ್ ಲೆವೆಲಿಂಗ್ ಮಿಶ್ರಣ ಒಳ್ಳೆಯ ಪರಿಹಾರ. ನೀರ್ದೋಸೆ ಹಿಟ್ಟಿನಂತೆ ಹರಿದು ತಾನೇ ಮಟ್ಟ ಕಂಡುಕೊಳ್ಳುತ್ತದೆ. ದುಬಾರಿ ನಿಜ, ಆದರೆ ಕೆಲವೇ ಮಿಲಿಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಅದು ಸೋಲುವುದು ನಮ್ಮ ಅವಸರದಿಂದ: ಧೂಳು ಗುಡಿಸುವುದಿಲ್ಲ, ಪ್ರೈಮರ್ ಬಳಿಯುವುದಿಲ್ಲ, ಚೆನ್ನಾಗಿ ಹರಿಯಲಿ ಎಂದು ಇನ್ನೊಂದು ಮಗ್ ನೀರು ಸುರಿಯುತ್ತೇವೆ. ಪ್ರೈಮರ್ ಇಲ್ಲದ ಕಾಂಕ್ರೀಟ್ ನೀರು ಹೀರಿಕೊಂಡು ಗುಳ್ಳೆ ಬಿಡುತ್ತದೆ, ಹಿಡಿತ ತಪ್ಪುತ್ತದೆ. ನೀರು ಹೆಚ್ಚಾದ ಪದರದ ಮೇಲ್ಮೈ ಪುಡಿಯಾಗಿ ಬಿರುಕು ಬಿಡುತ್ತದೆ.

ಮೇಸ್ತ್ರಿಯೊಬ್ಬರನ್ನೇ ದೂರುವುದು ನ್ಯಾಯವಲ್ಲ. ಕೂಲಿಯನ್ನು ನಾವು ಟೈಲ್ಸಿನ ಚದರ ಅಡಿಗೆ ಮಾತಾಡುತ್ತೇವೆ; ಮಟ್ಟ ಹುಡುಕುವುದಕ್ಕೆ, ಉಬ್ಬು ಸವೆಸುವುದಕ್ಕೆ ಅದರಲ್ಲಿ ದುಡ್ಡಿಲ್ಲ, ಗಾರೆ ಸುರಿಯುವುದಕ್ಕೆ ಮಾತ್ರ ಇದೆ. ನೆಲ ಸಿದ್ಧಪಡಿಸುವ ಕೂಲಿಯನ್ನು ಕೊಟೇಶನ್ನಿನಲ್ಲಿ ಬೇರೆಯಾಗಿ ಬರೆಸಿ, ಟೈಲ್ಸ್ ಬರುವ ಮೊದಲೇ ಆ ಕೆಲಸ ನೋಡಿ ದುಡ್ಡು ಕೊಡುವ ರೂಢಿ ಮನೆಯವರಿಂದಲೇ ಶುರುವಾಗಬೇಕು.