ಪರದೆಯ ಮೇಲಿನ ಶಾಸನ: ಮಕ್ಕಳ ಒಂದು ವರ್ಚುವಲ್ ಪ್ರವಾಸ ನೋಡಿ ಬರೆದದ್ದು

ಮೊನ್ನೆ ಶನಿವಾರ ಮಗಳ ಶಾಲೆಯವರು ಏಳನೇ ತರಗತಿಗೆ ಒಂದು ವರ್ಚುವಲ್ ಪ್ರವಾಸ ಇಟ್ಟಿದ್ದರು. ವಿಷಯ: ಬೆಂಗಳೂರಿನ ಉದ್ಯಾನಗಳ ಪ್ರಕೃತಿ ಮತ್ತು ಇತಿಹಾಸ. 40 ನಿಮಿಷದ ಕಾರ್ಯಕ್ರಮ. ಲಾಲ್‌ಬಾಗಿನ ಬಂಡೆಯಲ್ಲಿ ಶುರುವಾಗಿ, ಗಾಜಿನ ಮನೆ, ಕಬ್ಬನ್ ಪಾರ್ಕ್ ದಾಟಿಕೊಂಡು ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮುಗಿಯುತ್ತದೆ. ಪೋಷಕರೂ ನೋಡಬಹುದು ಅಂತ ಲಿಂಕ್ ಕಳಿಸಿದ್ದರು. ಪಟ್ಟಿಯ ಕೊನೆಯಲ್ಲಿ ‘ಆತಕೂರು ಶಾಸನ’ ಅಂತ ಕಂಡದ್ದೇ ತಡ, ನಾನೂ ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತೆ.

ಮುಗಿದ ಮೇಲೆ, "ಭಾನುವಾರ ಲಾಲ್‌ಬಾಗ್ ಬಂಡೆ ಹತ್ತೋಣ್ವಾ?" ಅಂತ ಕೇಳಿದೆ. "ಈಗ ತಾನೇ ಹತ್ತಾಯ್ತಲ್ಲಪ್ಪ" ಅಂದಳು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇದನ್ನು ಬರೆಯೋದಕ್ಕೆ ಅದೇ ಕಾರಣ. ಪ್ರವಾಸ ತಯಾರಿಸಿದವರ ಹೆಸರು ಇಲ್ಲಿ ಬೇಡ. ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಇಂಥ ಹತ್ತಾರು ಪ್ರವಾಸಗಳು ಇವತ್ತು ಶಾಲೆಗಳಿಗೆ ಬರುತ್ತಿವೆ, ಅವುಗಳಲ್ಲಿ ಶಾಸನಗಳೂ ಬರುತ್ತಿವೆ. ಹಾಗಾಗಿ ನಾವು ಶಾಸನಾಸಕ್ತರು ಒಮ್ಮೆ ಕೂತು ಇವನ್ನು ಪರೀಕ್ಷಿಸುವುದು ಒಳ್ಳೆಯದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮಗಳ ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗನೊಬ್ಬನಿದ್ದಾನೆ. ಲಾಲ್‌ಬಾಗಿಗೆ ಅವನು ಹೋಗಿದ್ದಾನೆ, ಬಂಡೆಯ ಮೇಲಕ್ಕೆ ಮಾತ್ರ ಹೋಗಿಲ್ಲ. ಆ ದಿನ ಪರದೆಯಲ್ಲಿ ಗೋಪುರದ ಹತ್ತಿರ ನಿಂತು ಸುತ್ತಲೂ ತಿರುಗಿಸಿ ನೋಡಿದಾಗ, ಅವನು "ಮೇಲಿಂದ ಹೀಗೆ ಕಾಣತ್ತಾ!" ಅಂದದ್ದು ಎಲ್ಲರ ಕಿವಿಗೂ ಬಿತ್ತು. ಬಸ್ ಮಾಡಿಕೊಂಡು ಬೆಂಗಳೂರಿಗೆ ಬರಲಾಗದ ದೂರದ ಸರ್ಕಾರಿ ಶಾಲೆಗಳ ಮಕ್ಕಳೂ ನೆನಪಾದರು. "ಏನಿದ್ರೂ ನಿಜವಾದ ಜಾಗಕ್ಕೇ ಹೋಗಬೇಕು" ಅಂತ ಹೇಳೋದು ಹೋಗಬಲ್ಲ ನಮ್ಮಂಥವರಿಗೆ ಸುಲಭ. ವರ್ಚುವಲ್ ಪ್ರವಾಸ ಬೇಡ ಅನ್ನುವ ಪಕ್ಷ ನನ್ನದಲ್ಲ. ಮಾಡುವುದಾದರೆ ಸರಿಯಾಗಿ ಮಾಡಬೇಕು, ಅಷ್ಟೇ.

ಈಗ ಬಂಡೆಯ ವಿಷಯ. ಲಾಲ್‌ಬಾಗಿನ ಬಂಡೆ ಪೆನಿನ್ಸುಲರ್ ನೈಸ್ ಜಾತಿಯ ಶಿಲೆ, ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಷ್ಟನ್ನೂ ನಿರೂಪಕಿ ಸರಿಯಾಗಿ ಹೇಳಿದರು. ಆಮೇಲೆ 1760ರ ಹೈದರಾಲಿ, 1889ರ ಗಾಜಿನ ಮನೆ, ಬೃಹತ್ತಾದ ಬೂರುಗದ ಮರ, ಹದ್ದುಗಳು. ಅರ್ಧ ಗಂಟೆ ಕಳೆದು ವಸ್ತುಸಂಗ್ರಹಾಲಯದಲ್ಲಿ ಶಾಸನದ ಕಲ್ಲು. ಬಂಡೆ ‘ಪ್ರಕೃತಿ’ ವಿಭಾಗಕ್ಕೆ, ಶಾಸನ ‘ಇತಿಹಾಸ’ ವಿಭಾಗಕ್ಕೆ. ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ ಮುಗಿಸಿದರು.

ಸಂಬಂಧ ಇದೆ. ಬೆಂಗಳೂರು ಸುತ್ತಮುತ್ತಲಿನ ಬಹುಪಾಲು ವೀರಗಲ್ಲು, ಶಾಸನಗಲ್ಲುಗಳನ್ನು ಕಡೆದದ್ದು ಇದೇ ಕುಲದ ಗಟ್ಟಿ ಕಲ್ಲಿನಲ್ಲಿ. ಹೊಯ್ಸಳರ ಶಿಲ್ಪಿಗಳಿಗೆ ಬಳಪದ ಕಲ್ಲು ಸಿಕ್ಕಿತ್ತು. ಅದು ಮೆದು, ಅದರಲ್ಲಿ ಅಕ್ಷರವನ್ನು ಮುತ್ತಿನಂತೆ ಕೊರೆಯಬಹುದು. ನಮ್ಮ ಕಡೆಯ ಕಲ್ಲು ದಪ್ಪ ಹರಳಿನದು, ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಗೆರೆ ತೆಳುವಾಗಿ, ಒರಟಾಗಿ ಬೀಳುತ್ತದೆ. ಸಾವಿರ ವರ್ಷದ ಮಳೆ ಬಿಸಿಲಿಗೆ ಒಂದೊಂದೇ ಹರಳು ಉದುರಿ, ಅಕ್ಷರದ ಗೆರೆ ಯಾವುದು, ಕಲ್ಲಿನ ಸ್ವಂತ ಗುಳಿ ಯಾವುದು ಅಂತ ಗೊತ್ತಾಗದ ಸ್ಥಿತಿ ಬರುತ್ತದೆ. ಶಾಸನದ ಸಾಲುಗಳು ಒಂದೊಂದು ಕಡೆ ಯಾಕೆ ಸೊಟ್ಟ ಹೋಗಿವೆ, ಯಾಕೆ ಅರ್ಧ ಅಕ್ಷರ ಅಳಿದಿದೆ ಅನ್ನುವುದಕ್ಕೆ ಎಷ್ಟೋ ಸಲ ಉತ್ತರ ಇರುವುದು ಆ ಬಂಡೆಯಲ್ಲೇ. ಒಂದೇ ಪ್ರವಾಸದಲ್ಲಿ ಎರಡನ್ನೂ ತೋರಿಸಿದವರು ಮಧ್ಯೆ ಎರಡು ವಾಕ್ಯ ಸೇರಿಸಿದ್ದರೆ, ಪ್ರಕೃತಿ ಮತ್ತು ಇತಿಹಾಸ ಅಂತ ಎರಡು ಡಬ್ಬ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಬಂಡೆಯ ಮೇಲಿನ ಗೋಪುರದ ಬಗ್ಗೆಯೂ ಒಂದು ಮಾತು. "ಕೆಂಪೇಗೌಡರು ನಗರದ ಗಡಿ ಗುರುತಿಸಲು ಕಟ್ಟಿಸಿದ್ದು" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರು. ಲಾಲ್‌ಬಾಗ್, ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ ಹೀಗೆ ನಾಲ್ಕು ಗೋಪುರಗಳು. ಇವನ್ನು ಕಟ್ಟಿಸಿದ್ದು ಹಿರಿಯ ಕೆಂಪೇಗೌಡರೋ ಇಮ್ಮಡಿ ಕೆಂಪೇಗೌಡರೋ ಎಂಬಲ್ಲಿ ಬರೆದವರಲ್ಲೇ ಒಮ್ಮತವಿಲ್ಲ. ಏಳನೇ ತರಗತಿಯ ಮಕ್ಕಳಿಗೆ ಅಷ್ಟೆಲ್ಲ ಬೇಕಾ ಅಂತ ನೀವು ಕೇಳಬಹುದು. ವಿವಾದ ಬೇಡ. ಆದರೆ ‘ಕಲ್ಲಿನಲ್ಲಿ ಬರೆದದ್ದು’, ‘ಜನ ಹೇಳಿಕೊಂಡು ಬಂದದ್ದು’, ‘ವಿದ್ವಾಂಸರು ಊಹಿಸಿದ್ದು’ ಈ ಮೂರೂ ಬೇರೆ ಬೇರೆ ಎಂಬುದು ಹನ್ನೆರಡು ವರ್ಷದ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ತರಗತಿಯಲ್ಲಿ ಯಾರು ಯಾರ ಬಗ್ಗೆ ಏನು ಹೇಳಿದರು ಅನ್ನೋ ಪತ್ತೇದಾರಿ ಕೆಲಸವನ್ನು ಅವರು ದಿನಾ ಮಾಡ್ತಾರೆ!

ಇನ್ನು ಕೊನೆಯ ನಿಲ್ದಾಣ. ಆತಕೂರು ಶಾಸನ ಈ ಪುಟ ಓದುವವರಿಗೆ ಹೊಸದೇನಲ್ಲ. ಮೂಲತಃ ಮದ್ದೂರು ತಾಲ್ಲೂಕಿನ ಆತಕೂರಿನದು, ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಮುಂದೆ ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆಯ ಕಟ್ಟಳೆಯನ್ನೂ ಮಾಡಿದರು. ಕಲ್ಲಿನ ಮೇಲೆ ನಾಯಿ-ಹಂದಿಯ ಕಾಳಗದ ಶಿಲ್ಪ ಇದೆ.

ಪ್ರವಾಸದಲ್ಲಿ ಇದು "ರಾಜನೊಬ್ಬ ತನ್ನ ಮುದ್ದಿನ ನಾಯಿಗೆ ಮಾಡಿಸಿದ ಸ್ಮಾರಕ" ಆಯಿತು. ಮಣಲೇರನ ಹೆಸರೇ ಇಲ್ಲ. ಗೆದ್ದ ಯುದ್ಧಕ್ಕೆ ಪ್ರತಿಯಾಗಿ ಊರು, ಹೊನ್ನು ಕೇಳಬಹುದಾಗಿದ್ದವನು ನಾಯಿಯನ್ನು ಕೇಳಿದ ಅನ್ನುವುದೇ ಕಥೆಯ ಜೀವ. ಅದನ್ನೇ ಬಿಟ್ಟರು. ಮಕ್ಕಳಿಗೆ ಇಷ್ಟವಾಗಲಿ ಅಂತ ಸರಳ ಮಾಡಲು ಹೋಗಿ, ಮಕ್ಕಳಿಗೆ ತುಂಬ ಇಷ್ಟವಾಗಬಹುದಾದ ಭಾಗವನ್ನೇ ಕತ್ತರಿಸಿದ ಹಾಗಾಯಿತು.

ತಪ್ಪಾದ ವಾಕ್ಯವನ್ನು ತಿದ್ದಬಹುದು. ನನ್ನ ದೊಡ್ಡ ತಕರಾರು ಇರುವುದು ಚಿತ್ರದ ಬಗ್ಗೆ. ಇಲ್ಲಿ ಸ್ವಲ್ಪ ಇಂಜಿನಿಯರ್ ಭಾಷೆ ಬರುತ್ತದೆ, ಸಹಿಸಿಕೊಳ್ಳಿ.

ಕಲ್ಲನ್ನು 3ಡಿ ಮಾದರಿಯಲ್ಲಿ ತೋರಿಸಿದ್ದರು. ಬೆರಳಿನಿಂದ ತಿರುಗಿಸಬಹುದು. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಹೇಗೆ ತಿರುಗಿಸಿದರೂ ನೆರಳು ಕದಲಲಿಲ್ಲ. ಫೋಟೋ ತೆಗೆದ ಹೊತ್ತಿನಲ್ಲಿ ಬಿದ್ದಿದ್ದ ಬೆಳಕು ಮಾದರಿಯ ಮೈಗೆ ಬಣ್ಣದಂತೆ ಅಂಟಿಕೊಂಡಿದೆ. ಫೋಟೋಗ್ರಾಮೆಟ್ರಿಯಲ್ಲಿ ಮಾಡಿದ ಅಗ್ಗದ ಮಾದರಿಗಳಲ್ಲೆಲ್ಲ ಇದೇ ಕಥೆ. ಜೊತೆಗೆ, ಮೊಬೈಲಿನಲ್ಲಿ ಬೇಗ ತೆರೆಯಲಿ ಅಂತ ಲಕ್ಷಾಂತರ ತ್ರಿಕೋನಗಳಿದ್ದ ಜಾಲವನ್ನು ಕೆಲವು ಸಾವಿರಕ್ಕೆ ಇಳಿಸಿರುತ್ತಾರೆ. ಎರಡು ಮಿಲಿಮೀಟರ್ ಆಳದ ಅಕ್ಷರದ ಗೆರೆ ಮೊದಲು ಸಾಯುವುದು ಅಲ್ಲೇ. ನಿಮಗೆ ಕಾಣುವುದು ನುಣ್ಣಗಿನ ಕಲ್ಲು, ಅದರ ಮೇಲೆ ಅಕ್ಷರದ ಫೋಟೋ. ಅದನ್ನು ಓದಲಾಗುವುದಿಲ್ಲ. ಆದ್ದರಿಂದಲೇ ಪಕ್ಕದಲ್ಲಿ ಒಂದು ಚೌಕ ತೆರೆದು ‘ಅರ್ಥ’ ಹಾಕಿದ್ದರು. ಮಕ್ಕಳೆಲ್ಲ ಚೌಕ ಓದಿದರು, ಕಲ್ಲನ್ನು ಯಾರೂ ಓದಲಿಲ್ಲ.

ಕಲ್ಲು ಓದುವವರಿಗೆ ಗೊತ್ತು, ಅರ್ಧ ಓದು ಬೆಳಕಿನ ಕೆಲಸ. ನಾನು ಲಿಪಿ ಕಲಿತದ್ದು ಮೂವತ್ತು ದಾಟಿದ ಮೇಲೆ, ಗುರುಗಳಿಲ್ಲದೆ, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು. ಮೊದಲ ವರ್ಷ ಊರಾಚೆಯ ಒಂದು ವೀರಗಲ್ಲಿನ ಮುಂದೆ ಮಟಮಟ ಮಧ್ಯಾಹ್ನ ಎರಡು ಗಂಟೆ ಕೂತು ಒಂದು ಹೆಸರು ಓದಿದೆ. ಖುಷಿಯಿಂದ ನಾಲ್ಕು ಜನಕ್ಕೆ ಕಳಿಸಿಯೂಬಿಟ್ಟೆ. ವಾರದ ನಂತರ ಸಂಜೆಗತ್ತಲಲ್ಲಿ ಹೋಗಿ, ಟಾರ್ಚನ್ನು ಕಲ್ಲಿಗೆ ಒರಗಿಸಿ ಅಡ್ಡಬೆಳಕು ಬಿಟ್ಟಾಗ, ನಾನು ‘ವ’ ಅಂದುಕೊಂಡದ್ದು ‘ಮ’ ಆಗಿತ್ತು. ಹೆಸರೇ ಬದಲಾಯಿತು. ಆ ನಾಚಿಕೆಯಿಂದ ನಾನು ಕಲಿತಷ್ಟನ್ನು ಯಾವ ಪುಸ್ತಕವೂ ಕಲಿಸಿಲ್ಲ. ಓದು ಅನ್ನುವುದು ಪ್ರತಿ ಸಲ ಹೊಸದಾಗಿ ನೋಡಿ ಖಚಿತ ಮಾಡಿಕೊಳ್ಳಬೇಕಾದದ್ದು. ಮಕ್ಕಳಿಗೆ ಸಿಗಬೇಕಾದ ಅನುಭವವೂ ಇದೇ.

ಇದನ್ನು ಪರದೆಯ ಮೇಲೆ ಕೊಡಲಾಗುವುದಿಲ್ಲವೇ? ಖಂಡಿತ ಆಗುತ್ತದೆ. ಆರ್‌ಟಿಐ ಎಂಬ ವಿಧಾನವಿದೆ. ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ! ಕ್ಯಾಮೆರಾವನ್ನು ಅಲುಗಿಸದೆ ಇಟ್ಟು, ದೀಪವನ್ನು ಮಾತ್ರ ಸುತ್ತಲೂ ಒಯ್ದು ಹಲವಾರು ಫೋಟೋ ತೆಗೆದು ಜೋಡಿಸುತ್ತಾರೆ. ನೋಡುವವರು ಮೌಸ್ ಆಡಿಸಿದಂತೆ ಬೆಳಕು ಕಲ್ಲಿನ ಮೇಲೆ ಹರಿದಾಡುತ್ತದೆ. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಇದರ ಮೂಲ ವಿಧಾನವನ್ನು ಪ್ರಕಟಿಸಿದ್ದು 2001ರಲ್ಲಿ. ಹೊಸ ತಂತ್ರಜ್ಞಾನವೇನೂ ಅಲ್ಲ. ನಮ್ಮಲ್ಲೇ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಸೂಕ್ಷ್ಮವಾಗಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಸ್ಕ್ಯಾನಿನಲ್ಲಿ ಬಣ್ಣವನ್ನು ತೆಗೆದುಹಾಕಿ, ಬೆಳಕನ್ನು ಓರೆಯಾಗಿ ಬಿಟ್ಟರೆ ಕಣ್ಣಿಗೆ ಕಾಣದ ಅಕ್ಷರವೂ ಎದ್ದು ಬರುತ್ತದೆ. ಬಿಸಿಲಿನಲ್ಲಿ ಕಲ್ಲಿನ ಮುಂದೆ ನಿಂತವನಿಗೂ ಸಿಗದ ಅನುಕೂಲ ಅದು. ಪರದೆಯ ನಿಜವಾದ ಶಕ್ತಿಯನ್ನು ಬಿಟ್ಟು, ಬಸ್ಸಿನಲ್ಲಿ ಹೋದ ಹಾಗೆ ನಟಿಸುವ ಪ್ರವಾಸವನ್ನು ಮಕ್ಕಳಿಗೆ ಯಾಕೆ ಕೊಡಬೇಕು?

ಬಸ್ಸಿನಿಂದ ಆಗದ ಇನ್ನೊಂದು ಕೆಲಸವನ್ನೂ ಪರದೆ ಮಾಡಬಹುದು. ಆತಕೂರು ಶಾಸನ ತನ್ನ ಜಾಗ ಬಿಟ್ಟು ಬಂದ ಕಲ್ಲು. ವಸ್ತುಸಂಗ್ರಹಾಲಯದಲ್ಲಿ ಅದು ಸುರಕ್ಷಿತವಾಗಿದೆ, ಸಂತೋಷ. ಆದರೆ ಅದು ನಿಂತಿದ್ದು ಒಂದು ದೇವಾಲಯದ ಮುಂದೆ. ಬಿಟ್ಟ ಭೂಮಿ ಆ ಊರಿನದು, ಪೂಜೆ ಮಾಡಬೇಕಾದವನು ಅಲ್ಲಿಯವನು. ಅದು ನೆನೆಯುವ ಯುದ್ಧ ನಡೆದದ್ದು ಇಂದಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ. ತಕ್ಕೋಲ, ಆತಕೂರು, ಬೆಂಗಳೂರು: ಈ ಮೂರನ್ನೂ ಒಂದು ಶಾಲೆಯ ಬಸ್ಸು ಒಂದೇ ಬೆಳಗಿನಲ್ಲಿ ತೋರಿಸಲಾರದು. ವರ್ಚುವಲ್ ಪ್ರವಾಸ ಹತ್ತು ನಿಮಿಷದಲ್ಲಿ ತೋರಿಸಬಹುದು, ಕಲ್ಲನ್ನು ಪರದೆಯ ಮೇಲಾದರೂ ಅದರ ಊರಿಗೆ ಕರೆದೊಯ್ಯಬಹುದು. ನಾವು ನೋಡಿದ ಪ್ರವಾಸದಲ್ಲಿ ಆತಕೂರಿನ ಒಂದು ಫೋಟೋ ಕೂಡ ಇರಲಿಲ್ಲ.

ನಿರೂಪಣೆ ಮೊದಲೇ ಧ್ವನಿಮುದ್ರಣ ಮಾಡಿದ್ದು, ಅದು ಮತ್ತೊಂದು ಕೊರತೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉದ್ಯಾನ ಇಲಾಖೆಯವರು ‘ಪೋರ್ಟ್ಸ್’ ಅಂತ ಒಂದು ಕಾರ್ಯಕ್ರಮ ನಡೆಸುತ್ತಾರೆ. ಉದ್ಯಾನದ ಸಿಬ್ಬಂದಿ ಅಲ್ಲೇ ನಿಂತು, ವಿಡಿಯೋ ಮೂಲಕ ನೇರವಾಗಿ ತರಗತಿಯ ಜೊತೆ ಮಾತಾಡುತ್ತಾರೆ, ಮಕ್ಕಳು ಪ್ರಶ್ನೆ ಕೇಳಬಹುದು. ನಮ್ಮಲ್ಲೂ ಅಷ್ಟು ಆಗಬೇಕಿತ್ತು. ಯಾಕೆಂದರೆ ಆ ದಿನ ಅತ್ಯುತ್ತಮ ಪ್ರಶ್ನೆ ಬಂದದ್ದು ಅದೇ ಗಾಲಿಕುರ್ಚಿಯ ಹುಡುಗನಿಂದ. ಮಾದರಿಯನ್ನು ಪೂರ್ತಿ ತಿರುಗಿಸಿ, "ಕಲ್ಲಿನ ಹಿಂದೆ ಏನಿದೆ?" ಅಂತ ಕೇಳಿದ. ಹಿಂದೆ ಏನೂ ಇರಲಿಲ್ಲ, ಟೊಳ್ಳು. ಮಾದರಿ ಮಾಡಿದವರು ಮುಂಭಾಗವನ್ನಷ್ಟೇ ತೆಗೆದಿದ್ದರು. ಶಾಸನ ಹುಡುಕುವವರೆಲ್ಲ ಮೊದಲು ಕೇಳುವ ಪ್ರಶ್ನೆ ಅದು. ಎಷ್ಟೋ ಕಲ್ಲುಗಳಲ್ಲಿ ಬರಹ ಹಿಂದಕ್ಕೂ ಪಕ್ಕಕ್ಕೂ ಹರಿದಿರುತ್ತದೆ. ಉತ್ತರಿಸಲು ಯಾರೂ ಇರಲಿಲ್ಲ, ಶಿಕ್ಷಕಿ ಮುಂದಿನ ಸ್ಲೈಡಿಗೆ ಹೋದರು.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ನಮ್ಮ ಕಲ್ಲುಗಳು ಉಳಿಯುವುದು ಪಕ್ಕದ ಮನೆಯವರ ಕಣ್ಣಿನಿಂದ. ಹೆಬ್ಬಾಳದ ಕಿತ್ತಯ್ಯನ ಕಲ್ಲು, ಗಂಗ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದ್ದು, 2018ರಲ್ಲಿ ನೆಲ ಅಗೆದಾಗ ಬೆಳಕಿಗೆ ಬಂತು. ಅದು ಶಾಸನ ಅಂತ ಗುರುತಿಸುವ ಕಣ್ಣು ಹತ್ತಿರದಲ್ಲಿ ಇತ್ತು, ಉಳಿಯಿತು. ಇಲ್ಲದಿದ್ದರೆ ಯಾವುದೋ ತಳಪಾಯದ ಕಲ್ಲಾಗಿರುತ್ತಿತ್ತು. "ನೋಡಾಯ್ತು" ಅನ್ನುವ ಮಗು ಮುಂದೆ ತನ್ನ ಬೀದಿಯಲ್ಲಿ ಜೆಸಿಬಿ ಬಂದಾಗ ತಿರುಗಿ ನೋಡುವುದಿಲ್ಲ. "ಹಿಂದೆ ಏನಿದೆ?" ಅನ್ನುವ ಮಗು ನೋಡುತ್ತದೆ.

ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಣ್ಣ ಸಲಹೆ. ಇಂಥ ಪ್ರವಾಸ ತೋರಿಸುವ ಹಿಂದಿನ ದಿನ ತರಗತಿಯ ಕಿಟಕಿ ಮುಚ್ಚಿ, ಸವೆದ ಹಳೆಯ ನಾಣ್ಯವೊಂದನ್ನು ಮೇಜಿನ ಮೇಲಿಡಿ. ಮೊಬೈಲ್ ಟಾರ್ಚನ್ನು ಮೊದಲು ಮೇಲಿನಿಂದ ಬಿಡಿ, ಆಮೇಲೆ ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಡಿ. ಅಳಿದ ಅಕ್ಷರ ಏಳುವುದನ್ನು ಮಕ್ಕಳೇ ನೋಡಲಿ. ಖರ್ಚಿಲ್ಲ. ಮರುದಿನ ಪರದೆಯ ಮೇಲಿನ ಕಲ್ಲನ್ನು ನೋಡಿ, "ಇದರಲ್ಲಿ ಬೆಳಕು ಯಾಕೆ ಅಲುಗಾಡಲ್ಲ ಮಿಸ್?" ಅಂತ ಅವರೇ ಕೇಳುತ್ತಾರೆ.

ಮನೆಯಲ್ಲಿ ನಾನು ಅದನ್ನೇ ಮಾಡಿದೆ, ಅಜ್ಜಿಯ ಕಾಲದ ಒಂದು ಕಾಸಿನ ಮೇಲೆ. ಮಗಳು ಟಾರ್ಚನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಈ ಭಾನುವಾರ ಬೆಳಗ್ಗೆ ಆರೂವರೆಗೆ, ಬಿಸಿಲು ಓರೆಯಾಗಿರುವಾಗಲೇ, ಲಾಲ್‌ಬಾಗ್ ಬಂಡೆ ಹತ್ತುತ್ತಿದ್ದೇವೆ. ಕಲ್ಲಿನ ಹರಳು ಹೇಗಿದೆ ಅಂತ ಹತ್ತಿರದಿಂದ ಫೋಟೋ ತೆಗೆದುಕೊಂಡು ಬಂದು ಆ ಹುಡುಗನಿಗೆ ಕೊಡಬೇಕಂತೆ. ಅದು ಅವಳದೇ ಯೋಚನೆ.