ಬನವಾಸಿಯ ಬಳಸುದಾರಿ: ಪಂಪನಲ್ಲಿ ವಿಷಯಾಂತರ

ಕಥೆ ಎಷ್ಟೇ ಹಿರಿದಾದರೂ ಅದರ ಮೈ ಕೆಡದಂತೆ ಸಮಸ್ತ ಭಾರತವನ್ನು ಹೇಳಿದ ಕವಿಗಳು ಹಿಂದೆ ಇಲ್ಲ, ಪಂಪನೇ ಅದಕ್ಕೆ ತಕ್ಕವನು ಎಂದು ಪಂಡಿತರು ಒತ್ತಾಯಿಸಿದ್ದರಿಂದ ಕಾವ್ಯರಚನೆಗೆ ತೊಡಗಿದುದಾಗಿ ‘ವಿಕ್ರಮಾರ್ಜುನ ವಿಜಯ’ದ ಪೀಠಿಕೆ ತಿಳಿಸುತ್ತದೆ. ವ್ಯಾಸರ 18 ಪರ್ವಗಳು ಇಲ್ಲಿ 14 ಆಶ್ವಾಸಗಳಾಗಿವೆ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸುವಷ್ಟು ದೃಢವಾಗಿ ಕಥೆಯನ್ನು ಹಿಡಿದಿಟ್ಟ ಕವಿ ಮೈಮರೆತು ದಾರಿ ತಪ್ಪುವವನಲ್ಲ. ಆದರೂ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯ ಕಡೆಗೆ ಸಾಗಬೇಕಾದ ಕಥೆ ಬನವಾಸಿಯಲ್ಲಿ ನಿಲ್ಲುತ್ತದೆ. ವ್ಯಾಸರ ಅರ್ಜುನನ ಯಾತ್ರಾಪಥದಲ್ಲಿ ಬನವಾಸಿಯಿಲ್ಲ.

ವರ್ಣನೆಯ ನಿಲುಗಡೆಗಳಿಗೆ ಶಾಸ್ತ್ರದ ಒಪ್ಪಿಗೆಯುಂಟು. ನಗರ, ಸಮುದ್ರ, ಪರ್ವತ, ಋತು ಮೊದಲಾದ ಅಷ್ಟಾದಶ ವರ್ಣನೆಗಳನ್ನು ದಂಡಿ ಮಹಾಕಾವ್ಯಕ್ಕೆ ವಿಧಿಸಿದ್ದಾನೆ. ಅದೇ ಆಶ್ವಾಸದ ಸೂಳೆಗೇರಿ ಹಾಗೂ ಪಾನಗೋಷ್ಠಿಯ ಚಿತ್ರಗಳು ಈ ಸಂಪ್ರದಾಯಕ್ಕೆ ಸಲ್ಲುತ್ತವೆ. ಬನವಾಸಿಯ ಪದ್ಯಗಳನ್ನೂ ಆ ಲೆಕ್ಕಕ್ಕೆ ಸೇರಿಸಿಬಿಡಬಹುದೇ?

ಸೇರಿಸಲಾಗದು. ವರ್ಣನೆಗೆ ಬೇಕಾದುದು ನೋಟ. ಈ ಪದ್ಯಗಳಲ್ಲಿ ಪ್ರಬಲವಾಗುವುದು ನೆನಪು. ತೆಂಕಣ ಗಾಳಿ, ಇಂಪಾದ ಹಾಡು, ಬಿರಿದ ಮಲ್ಲಿಗೆ ಇವೆಲ್ಲ ಆ ನಾಡನ್ನು ನೆನಪಿಗೆ ತರುವ ನೆವಗಳಾಗಿ ಬರುತ್ತವೆ. ಅರ್ಜುನನೋ ಆಗತಾನೆ ಬಂದ ಪಯಣಿಗ. ಕಣ್ಣೆದುರಿಗಿರುವ ನಾಡನ್ನು ಅವನು ನೆನೆಯಬೇಕಾದ ಕಾರಣವಿಲ್ಲ. ನೆನೆಯುವವನು ನಾಡನ್ನು ಬಿಟ್ಟವನು. ಕಥೆಯ ಬಿರುಕು ಇಲ್ಲಿದೆ. ಕವಿಯ ದನಿ ಹೊರಬರುವುದೂ ಇಲ್ಲಿಂದಲೇ.

ಆಶ್ರಯದಾತನ ಸ್ತುತಿಯೆಂದೂ ಇದನ್ನು ವಿವರಿಸಲಾಗದು. ಅರ್ಜುನನನ್ನು ಅರಿಕೇಸರಿಯೊಡನೆ ಒಂದಾಗಿಸುವುದು ಕಾವ್ಯದ ಹೂಟ. ಆ ಅರಸನ ರಾಜಧಾನಿ ವೇಮುಲವಾಡ. ಅರಸನ ಪಟ್ಟಣ ಪಡೆಯಬಹುದಾಗಿದ್ದ ಪ್ರೀತಿಯನ್ನು ಬನವಾಸಿ ಪಡೆದಿದೆ.

ಇಂದು ಈ ಪದ್ಯಗಳು ರಾಜ್ಯೋತ್ಸವದ ವೇದಿಕೆಗಳಲ್ಲಿ, ಊರಿನಲ್ಲಿಯೂ ಕೊಲ್ಲಿ ನಾಡುಗಳಲ್ಲಿಯೂ, ಬಿಡಿಯಾಗಿ ಕೇಳಿಬರುತ್ತವೆ. ಬಿಡಿಯಾಗಿ ಕೇಳಿದಾಗ ಅವು ನಾಡಿನ ಹೊಗಳಿಕೆ ಮಾತ್ರ. ಕಾವ್ಯದೊಳಗೆ ಓದಿದಾಗ, ಹೊಣೆ ಹೊತ್ತು ಮುಂದೆ ಸಾಗುತ್ತಿರುವವನೊಬ್ಬ ಕ್ಷಣಕಾಲ ಹಿಂದಿರುಗಿ ನೋಡಿದ ನೋಟ ಕಾಣುತ್ತದೆ. ಕೆಲವೇ ಪದ್ಯಗಳ ಬಳಿಕ ಪಯಣ ಮುಂದುವರಿಯುತ್ತದೆ. ಕಥೆಯ ಮೈ ಕೆಟ್ಟಿಲ್ಲ. ಆ ಮೈಯೊಳಗೊಂದು ಮನಸ್ಸಿದೆಯೆಂದು ಓದುಗನಿಗೆ ತಿಳಿದಿದೆ. ವಿಷಯಾಂತರವನ್ನು ಅಳೆಯಬೇಕಾದುದು ಅದು ಕಥೆಯಿಂದ ಎಷ್ಟು ದೂರ ಹೋಯಿತೆಂಬುದರಿಂದಲ್ಲ, ಮರಳುವಾಗ ಏನನ್ನು ತಂದಿತೆಂಬುದರಿಂದ.